ಕ್ಯಾಟಲಾಗ್‌ನಲ್ಲಿ ಐನೂರು, ಟೇಬಲ್ ಮೇಲೆ ಐವತ್ತು: ನಾಣ್ಯದ ಬೆಲೆಪಟ್ಟಿಯನ್ನು ಎಷ್ಟು ನಂಬಬಹುದು?

2006ರಲ್ಲಿ ಬಸವಣ್ಣನವರ ಚಿತ್ರವಿರುವ ಐದು ರೂಪಾಯಿ ನಾಣ್ಯ ಬಂತು. ನಿಮ್ಮ ಮನೆಯ ಯಾವುದೋ ಡಬ್ಬಿಯಲ್ಲಿ ಒಂದು ಇದ್ದರೂ ಇರಬಹುದು. ಅದರ ಬೆಲೆ ಎಷ್ಟು ಅಂತ ಕೇಳುತ್ತಾ ಹೋಗಿ. ಟೀ ಅಂಗಡಿಯಲ್ಲಿ ಐದೇ ರೂಪಾಯಿ. ನಾಣ್ಯ ಮಾರುವವರ ಟ್ರೇಯಲ್ಲಿ ಹತ್ತಾರು ರೂಪಾಯಿ, ಹೊಳಪು ಹಾಗೇ ಉಳಿದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ವಿದೇಶಿ ಕ್ಯಾಟಲಾಗ್ ತೆಗೆದರೆ ಡಾಲರ್ ಲೆಕ್ಕ. ಇಂಥ ನಾಣ್ಯಗಳಿಗೆ ಆನ್‌ಲೈನ್ ಜಾಹೀರಾತಿನಲ್ಲಿ ಸಾವಿರಗಟ್ಟಲೆ ಕೇಳುವವರಿದ್ದಾರೆ. ಯೂಟ್ಯೂಬ್‌ನಲ್ಲಂತೂ ಲಕ್ಷಕ್ಕೆ ಕಡಿಮೆ ಮಾತೇ ಇಲ್ಲ.

ಇಷ್ಟು ಗೊಂದಲ ಇರುವಾಗ ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರು ಮೊದಲು ಹುಡುಕುವುದು ಒಂದು ಬೆಲೆಪಟ್ಟಿಯನ್ನೇ. ಅಚ್ಚಾದ ಪುಸ್ತಕ, ಅದರಲ್ಲಿ ಸಾಲು ಸಾಲಾಗಿ ಅಂಕಿ. ನೋಡಿದರೆ ನಂಬಿಕೆ ಬರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ನಾಣ್ಯ ಯಾವುದಕ್ಕಿಂತ ಅಪರೂಪ ಅಂತ ತಿಳಿಯೋಕೆ ಬೆಲೆಪಟ್ಟಿ ಒಳ್ಳೆಯದು. ನಿಮ್ಮ ಕೈಯಲ್ಲಿರುವ ನಾಣ್ಯಕ್ಕೆ ಎಷ್ಟು ದುಡ್ಡು ಬರುತ್ತದೆ ಅಂತ ತಿಳಿಯೋಕೆ ಅದನ್ನು ನೆಚ್ಚಿಕೊಳ್ಳಬೇಡಿ. ಸ್ವಾತಂತ್ರ್ಯದ ನಂತರದ ನಾಣ್ಯಗಳ ವಿಷಯದಲ್ಲಂತೂ ಈ ಮಾತು ಇನ್ನೂ ಜಾಸ್ತಿ ನಿಜ. ಯಾಕೆ ಅಂತ ನೋಡೋಣ.

ಆ ಅಂಕಿ ಎಲ್ಲಿಂದ ಬರುತ್ತದೆ

ಪ್ರಪಂಚದ ನಾಣ್ಯಗಳಿಗೆ ದೊಡ್ಡ ಆಧಾರ ಅಂದರೆ ಅಮೆರಿಕದ ಕ್ರೌಸ್ ಕ್ಯಾಟಲಾಗ್. 1972ರಲ್ಲಿ ಮೊದಲ ಆವೃತ್ತಿ ಬಂತು. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ. ಸಂಗ್ರಾಹಕರು ಇವತ್ತಿಗೂ 'ಕೆಎಂ ನಂಬರ್' ಅನ್ನುತ್ತಾರಲ್ಲ, ಅದು ಈ ಕ್ಯಾಟಲಾಗ್ ಕೊಟ್ಟ ಸಂಖ್ಯೆ. ಸಂಖ್ಯೆಯ ಮಟ್ಟಿಗೆ ಅದು ತುಂಬಾ ಉಪಯೋಗ. ಬೆಂಗಳೂರಿನವರು ಬರ್ಲಿನ್‌ನವರ ಹತ್ತಿರ ನಾಣ್ಯದ ಬಗ್ಗೆ ಮಾತಾಡಬೇಕಾದರೆ ಆ ನಂಬರ್ ಸಾಕು.

ಬೆಲೆಯ ಕಥೆ ಬೇರೆ. ಇಂಥ ಕ್ಯಾಟಲಾಗ್‌ನಲ್ಲಿ ಸಾವಿರಾರು ಸಾಲುಗಳಿರುತ್ತವೆ. ಡೀಲರುಗಳ ಮಾರಾಟ ಪಟ್ಟಿ, ಹರಾಜಿನ ಫಲಿತಾಂಶ, ಬಲ್ಲವರ ಅಂದಾಜು, ಇವನ್ನೆಲ್ಲ ಸೇರಿಸಿ ಸಂಪಾದಕರು ಒಂದು ಅಂಕಿ ಹಾಕುತ್ತಾರೆ. ದುಬಾರಿ ನಾಣ್ಯಗಳ ಸಾಲನ್ನು ಎಚ್ಚರಿಕೆಯಿಂದ ನೋಡುತ್ತಾರೆ. 1990ರ ದಶಕದ ಭಾರತದ ಒಂದು ರೂಪಾಯಿ ಸಾಲನ್ನು ಯಾರು ಅಷ್ಟು ಮುತುವರ್ಜಿಯಿಂದ ನೋಡುತ್ತಾರೆ ಹೇಳಿ? ಆ ಅಂಕಿ ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಸುಮ್ನೆ ದಾಟಿಕೊಂಡು ಬಂದಿರುವ ಸಾಧ್ಯತೆಯೇ ಜಾಸ್ತಿ.

ಮೇಲಾಗಿ, ಕ್ರೌಸ್ ಕ್ಯಾಟಲಾಗ್ ತರುತ್ತಿದ್ದ ಎಫ್+ಡಬ್ಲ್ಯು ಮೀಡಿಯಾ ಕಂಪನಿ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲಿನಂತೆ ವರ್ಷ ವರ್ಷ ದಪ್ಪ ಪುಸ್ತಕ ಬರುವ ಕಾಲ ಮುಗಿಯಿತು. ಆದರೂ ಆ ಪುಸ್ತಕಗಳ ಪಿಡಿಎಫ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇದೆ. ಜನ ಅದರ ಡಾಲರ್ ಅಂಕಿಯನ್ನು ಇವತ್ತಿನ ರೂಪಾಯಿ ದರಕ್ಕೆ ಗುಣಿಸಿ 'ಇದೇ ಮಾರ್ಕೆಟ್ ರೇಟ್' ಅನ್ನುತ್ತಾರೆ. ಡಾಲರ್ ಏರಿದರೆ ನಿಮ್ಮ ಐವತ್ತು ಪೈಸೆ ಯಾಕೆ ಏರಬೇಕು? ಗಣರಾಜ್ಯ ಭಾರತದ ನಾಣ್ಯಕ್ಕೆ ಗಿರಾಕಿಗಳು ಬಹುಪಾಲು ಇಲ್ಲಿಯವರೇ. ಅವರು ಕೊಡುವುದು ರೂಪಾಯಿಯಲ್ಲಿ.

ಈಗ ಹೆಚ್ಚಿನವರು ನೋಡುವುದು ನ್ಯೂಮಿಸ್ಟಾದಂಥ ಜಾಲತಾಣ. ಸದಸ್ಯರೇ ಸೇರಿ ಕಟ್ಟುವ ಕ್ಯಾಟಲಾಗ್ ಅದು. ಚಿತ್ರ, ತೂಕ, ಲೋಹದ ವಿವರಕ್ಕೆ ನಾನಂತೂ ಅದನ್ನೇ ಮೊದಲು ತೆಗೆಯುತ್ತೇನೆ. ಅಲ್ಲಿ ಪ್ರತಿ ನಾಣ್ಯಕ್ಕೂ ನೂರರ ಒಳಗೆ ಒಂದು ಅಪರೂಪದ ಅಂಕವೂ ಇರುತ್ತದೆ. ಆದರೆ ಆ ಅಂಕ ಹುಟ್ಟುವುದು ಸದಸ್ಯರಲ್ಲಿ ಎಷ್ಟು ಜನರ ಹತ್ತಿರ ಆ ನಾಣ್ಯ ಇದೆ ಅನ್ನುವುದರ ಮೇಲೆ. ಆ ಸದಸ್ಯರು ಪ್ರಪಂಚದ ಎಲ್ಲ ಕಡೆ ಹಂಚಿಹೋಗಿದ್ದಾರೆ. ನಮ್ಮ ಚಿಕ್ಕಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ನಾಣ್ಯ ಅವರ ಕಣ್ಣಿಗೆ ಅಪರೂಪವಾಗಿ ಕಾಣಬಹುದು.

ಯಾರ ಬೆಲೆ ಅದು?

ಬೆಲೆಪಟ್ಟಿ ಓದುವಾಗ ಎಲ್ಲರೂ ಎಡವುವ ಜಾಗ ಇದು. ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ ಡೀಲರ್ ಗಿರಾಕಿಗೆ ಮಾರುವ ಬೆಲೆ. ನೀವು ಡೀಲರ್‌ಗೆ ಮಾರಿದರೆ ಸಿಗುವ ಬೆಲೆ ಅಲ್ಲ.

ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ನಡೆಯುವುದುಂಟು. ಅಂಥ ಕಡೆ ಸ್ವಲ್ಪ ಹೊತ್ತು ನಿಂತರೆ ಒಂದೇ ಥರದ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಯಾರೋ ಹಿರಿಯರು ಕರ್ಚೀಫಿನಲ್ಲಿ ಕಟ್ಟಿಕೊಂಡು ತಂದ ನಾಣ್ಯಗಳನ್ನು ಟೇಬಲ್ ಮೇಲೆ ಹರಡುತ್ತಾರೆ. ಮೊಬೈಲ್‌ನಲ್ಲಿ ಕ್ಯಾಟಲಾಗ್ ಪುಟ ತೋರಿಸುತ್ತಾರೆ.

"ನೋಡಪ್ಪಾ, ಇದಕ್ಕೆ ಇಲ್ಲಿ ಐನೂರು ಅಂತ ಹಾಕಿದಾರೆ."

"ಸರ್, ಬುಕ್ ರೇಟಿಗೆ ನಾನೇ ತಗೊಂಡ್ರೆ ಆಮೇಲೆ ಯಾರಿಗೆ ಮಾರ್ಲಿ? ಐವತ್ತು ಕೊಡ್ತೀನಿ. ಇಲ್ಲಾಂದ್ರೆ ಇಟ್ಕೊಳಿ, ಚೆನ್ನಾಗಿದೆ."

ಹಿರಿಯರಿಗೆ ಮೋಸ ಅನ್ನಿಸುತ್ತದೆ. ಡೀಲರ್‌ಗೂ ಬೇಜಾರು. ಆದರೆ ಇಬ್ಬರದ್ದೂ ತಪ್ಪಿಲ್ಲ. ಡೀಲರ್ ಆ ನಾಣ್ಯವನ್ನು ತೊಳೆಯದೆ, ಗೀಚದೆ, ಹೋಲ್ಡರ್‌ಗೆ ಹಾಕಿ, ಆರು ತಿಂಗಳೋ ವರ್ಷವೋ ಇಟ್ಟುಕೊಂಡು ಕಾಯಬೇಕು. ಟೇಬಲ್ ಬಾಡಿಗೆ ಇದೆ. ಗಿರಾಕಿ ಚೌಕಾಸಿ ಮಾಡುತ್ತಾನೆ. ನಾಣ್ಯ ದುಬಾರಿಯಾದಷ್ಟೂ, ಬೇಡಿಕೆ ಗಟ್ಟಿಯಾದಷ್ಟೂ ಕೊಳ್ಳುವ ಮತ್ತು ಮಾರುವ ಬೆಲೆಯ ನಡುವಿನ ಅಂತರ ಕಡಿಮೆ ಆಗುತ್ತದೆ. ಅಗ್ಗದ ಆಧುನಿಕ ನಾಣ್ಯದಲ್ಲಿ ಆ ಅಂತರ ಬಾಯಿ ತೆರೆದುಕೊಂಡಿರುತ್ತದೆ.

ಬೆಂಗಳೂರಿನಲ್ಲಿ ಸೈಟ್ ಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಒಂದು, ಬಡಾವಣೆಯಲ್ಲಿ ನಡೆಯುವ ರೇಟ್ ಇನ್ನೊಂದು. ಎರಡಕ್ಕೂ ಸಂಬಂಧ ಇದೆ, ಆದರೆ ಎರಡೂ ಒಂದೇ ಅಂತ ಯಾರೂ ನಂಬುವುದಿಲ್ಲ. ಒಂದೇ ವ್ಯತ್ಯಾಸ: ಸೈಟಿನಲ್ಲಿ ಮಾರ್ಕೆಟ್ ರೇಟ್ ಸಾಮಾನ್ಯವಾಗಿ ಮೇಲಿರುತ್ತದೆ, ನಾಣ್ಯದಲ್ಲಿ ಕೆಳಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಸಾಧಾರಣ ನಾಣ್ಯಗಳಿಗೆ ಪಟ್ಟಿಯಲ್ಲಿ ಒಂದು ಕನಿಷ್ಠ ಬೆಲೆ ಇರುತ್ತದೆ. ಅದು ನಾಣ್ಯದ ಬೆಲೆ ಅನ್ನುವುದಕ್ಕಿಂತ ಡೀಲರ್‌ನ ಶ್ರಮದ ಕೂಲಿ. ಸಾವಿರ ನಾಣ್ಯದಲ್ಲಿ ನಿಮಗೆ ಬೇಕಾದ ಒಂದನ್ನು ಹುಡುಕಿ, ಕವರ್‌ಗೆ ಹಾಕಿ ಕೊಟ್ಟದ್ದಕ್ಕೆ ಇಪ್ಪತ್ತು ರೂಪಾಯಿ. ನಿಮ್ಮ ಮನೆಯಲ್ಲಿ ಅಂಥವೇ ಇನ್ನೂರು ಇದ್ದರೆ ನಾಲ್ಕು ಸಾವಿರ ಆಗುವುದಿಲ್ಲ. ಚಲಾವಣೆಯಲ್ಲಿರುವ ನಾಣ್ಯವಾದರೆ ಮುಖಬೆಲೆ ಬರುತ್ತದೆ, ಅಷ್ಟೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿದೆ, ಅವಕ್ಕೆ ಅದೂ ಇಲ್ಲ.

ಹರಾಜಿನ ಬೆಲೆ ಇದಕ್ಕಿಂತ ನಂಬಿಕಸ್ತ. ಯಾರೋ ನಿಜವಾಗಿ ದುಡ್ಡು ಕೊಟ್ಟಿರುತ್ತಾರಲ್ವಾ. ಬೆಂಗಳೂರಿನದೇ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾ, ಇಂಥ ಹರಾಜು ಸಂಸ್ಥೆಗಳಿವೆ. ಆದರೆ ಅಲ್ಲೂ ಸುತ್ತಿಗೆ ಬಿದ್ದ ಬೆಲೆ ಬೇರೆ, ಕೊಂಡವರ ಜೇಬಿನಿಂದ ಹೋಗುವುದು ಬೇರೆ. ಸುಮ್ನೆ ಲೆಕ್ಕಕ್ಕೆ, ಹತ್ತು ಸಾವಿರಕ್ಕೆ ಸುತ್ತಿಗೆ ಬಿತ್ತು ಅಂದುಕೊಳ್ಳಿ. ಕೊಂಡವರ ಮೇಲೆ ಶೇ 15 ಕಮಿಷನ್, ಮಾರಿದವರ ಮೇಲೆ ಶೇ 10 ಅಂತಿಟ್ಟುಕೊಂಡರೆ, ಕೊಂಡವರು ಕೊಟ್ಟದ್ದು 11,500, ಮಾರಿದವರಿಗೆ ಬಂದದ್ದು 9,000. ತೆರಿಗೆ ಬೇರೆ. ಈ ಮೂರರಲ್ಲಿ ಯಾವುದು 'ಬೆಲೆ'? ಬೆಲೆಪಟ್ಟಿಗಳಲ್ಲಿ ಒಬ್ಬರು ಒಂದು ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಇನ್ನೊಂದು. ಜತೆಗೆ, ಮಾಮೂಲಿ ಚಲಾವಣೆಯ ನಾಣ್ಯಗಳು ದೊಡ್ಡ ಹರಾಜಿಗೆ ಬಿಡಿಬಿಡಿಯಾಗಿ ಬರುವುದೇ ಕಡಿಮೆ. ಒಂದು ನಾಣ್ಯ ವರ್ಷಕ್ಕೆ ಒಂದೋ ಎರಡೋ ಸಲ ಮಾರಾಟವಾದರೆ, ಅವತ್ತು ಇಬ್ಬರು ಹಟಕ್ಕೆ ಬಿದ್ದರು ಅನ್ನುವ ಕಾರಣಕ್ಕೇ ಅದರ 'ಮಾರ್ಕೆಟ್ ರೇಟ್' ಮೂರು ಪಟ್ಟು ಆಗಿಬಿಡಬಹುದು.

ಇಸವಿಯ ಕೆಳಗಿನ ಚುಕ್ಕೆ

ಈಗ ಒಂದು ಭೂತಗನ್ನಡಿ ತಗೊಳ್ಳಿ. ಯಾವುದಾದರೂ ಒಂದು ರೂಪಾಯಿ ನಾಣ್ಯದ ಇಸವಿಯ ಕೆಳಗೆ ನೋಡಿ. ವಜ್ರದ ಆಕಾರ ಇದ್ದರೆ ಮುಂಬಯಿ ಟಂಕಸಾಲೆ. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದು ಇವತ್ತಿನ ಸರಳ ನಿಯಮ. ಹಿಂದೆ ಹೋದರೆ ಸ್ವಲ್ಪ ಸಿಕ್ಕು. ಹೈದರಾಬಾದ್ ಮೊದಲು ಬೇರೆ ಗುರುತು ಬಳಸುತ್ತಿತ್ತು, ವಜ್ರದೊಳಗೆ ಚುಕ್ಕೆ ಇಟ್ಟದ್ದೂ ಉಂಟು. 1985ರಲ್ಲಿ ನಾಣ್ಯ ಸಾಲದೆ ವಿದೇಶದಲ್ಲೂ ಅಚ್ಚು ಹಾಕಿಸಿದರು. ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯಿಂದ ಬಂದ ಒಂದು ರೂಪಾಯಿಯಲ್ಲಿ 'ಎಚ್' ಅಕ್ಷರ ಇದೆ.

ಕ್ಯಾಟಲಾಗ್‌ನಲ್ಲಿ ಈ ಒಂದೊಂದು ಗುರುತಿಗೂ ಒಂದೊಂದು ಸಾಲು. ಇಸವಿ ಒಂದೇ, ವಿನ್ಯಾಸ ಒಂದೇ, ಆದರೂ ಒಂದು ಟಂಕಸಾಲೆಯದು ಮುಖಬೆಲೆಗೆ ಸಿಗುತ್ತದೆ, ಇನ್ನೊಂದು ಟಂಕಸಾಲೆಯದಕ್ಕೆ ಜನ ವರ್ಷಗಟ್ಟಲೆ ಹುಡುಕುತ್ತಾರೆ. ಸಾಲು ತಪ್ಪಿ ಓದಿದರೆ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಕೋಲ್ಕತ್ತದ್ದು ಅಂತ ಮಾರುವ ನಾಣ್ಯದ ಮೇಲಂತೂ ಎರಡು ಕಣ್ಣಿಡಿ. ಗುರುತು ಇಲ್ಲದಿರುವುದೇ ಅದರ ಗುರುತು. ತುಂಬಾ ಓಡಾಡಿದ ನಾಣ್ಯದಲ್ಲಿ ಚುಕ್ಕೆ ಸವೆದಿರಬಹುದು. ಅಚ್ಚಿನಲ್ಲಿ ಗ್ರೀಸ್, ಕೊಳೆ ತುಂಬಿಕೊಂಡು ಚುಕ್ಕೆ ಮೂಡದೇ ಇರಬಹುದು. ಆಗ ನೋಯ್ಡಾ ನಾಣ್ಯವೂ ಕೋಲ್ಕತ್ತದ್ದರಂತೆಯೇ ಕಾಣುತ್ತದೆ. ಬೆಲೆಪಟ್ಟಿ ಇದನ್ನು ಹೇಳುವುದಿಲ್ಲ.

ಲೋಹವೂ ಹಾಗೆಯೇ. ಐದು ರೂಪಾಯಿ ಮೊದಲು ತಾಮ್ರ-ನಿಕಲ್ ಮಿಶ್ರಣದಲ್ಲಿತ್ತು, ಒಂಬತ್ತು ಗ್ರಾಂ ತೂಕ. ಆಮೇಲೆ ಸ್ಟೀಲ್ ಬಂತು, ಆರು ಗ್ರಾಂ. ಕೆಲವು ಸ್ಮರಣಾರ್ಥ ನಾಣ್ಯಗಳು ಎರಡರಲ್ಲೂ ಬಂದಿವೆ. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಬೆಲೆ. ಫೋಟೊ ನೋಡಿ ಹೇಳುವುದು ಕಷ್ಟ. ಒಂದು ಅಯಸ್ಕಾಂತ ಹತ್ತಿರ ತಂದರೆ ಮುಗಿಯಿತು: ಸ್ಟೀಲ್ ಅಂಟಿಕೊಳ್ಳುತ್ತದೆ, ತಾಮ್ರ-ನಿಕಲ್ ಅಂಟುವುದಿಲ್ಲ.

ಕಂಡೀಶನ್ ಅನ್ನುವ ಜಾರುಬಂಡೆ

ಪ್ರಾಚೀನ ನಾಣ್ಯ ಸವೆದಿದ್ದರೂ ಬೆಲೆ ಇರುತ್ತದೆ. ಆಧುನಿಕ ನಾಣ್ಯಕ್ಕೆ ಆ ರಿಯಾಯಿತಿ ಇಲ್ಲ. ಪಟ್ಟಿಯಲ್ಲಿ ಫೈನ್, ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಅಂತ, ಹೆಚ್ಚು ಸವೆದದ್ದರಿಂದ ಸವೆಯದೇ ಇರುವುದರವರೆಗೆ, ಕಾಲಂಗಳಿರುತ್ತವೆ. ಬಹುತೇಕ ನಾಣ್ಯಗಳಿಗೆ ಮೊದಲ ಮೂರು ಕಾಲಂನಲ್ಲಿ ಅಂಥದ್ದೇನೂ ಇಲ್ಲ. ದುಡ್ಡೆಲ್ಲ ಕೊನೆಯದರಲ್ಲಿ. ಯುಎನ್‌ಸಿ ಅಂದರೆ ಟಂಕಸಾಲೆಯಿಂದ ಬಂದ ಮೇಲೆ ಚಲಾವಣೆಗೆ ಬೀಳದ ನಾಣ್ಯ. ಅಂಗಡಿಯ ಗಲ್ಲಾಪೆಟ್ಟಿಗೆ, ಜೇಬು, ಬಿಎಂಟಿಸಿ ಕಂಡಕ್ಟರ್ ಚೀಲ, ಇವುಗಳಲ್ಲಿ ಒಂದು ವಾರ ಇದ್ದರೂ ಅದು ಆ ಕಾಲಂ ಬಿಟ್ಟು ಕೆಳಗಿಳಿಯಿತು. ಜನ ಮಾತ್ರ ತಮ್ಮ ನಾಣ್ಯ ಹೊಳೆಯುತ್ತಿದೆ ಅಂತ ಯುಎನ್‌ಸಿ ಕಾಲಂ ಓದುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿ ತರುವವರೂ ಇದ್ದಾರೆ. ತಿಕ್ಕಿದ್ದು ಬಲ್ಲವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಬೆಲೆ ಅಲ್ಲಿಗೇ ಬಿತ್ತು.

ಯುಎನ್‌ಸಿ ಒಳಗೂ ಮೆಟ್ಟಿಲುಗಳಿವೆ. ಅಮೆರಿಕದ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಮುಚ್ಚಿ ಕೊಡುತ್ತವೆ. ಅರವತ್ತೈದಕ್ಕೂ ಅರವತ್ತೇಳಕ್ಕೂ ಬೆಲೆಯಲ್ಲಿ ಭಾರಿ ವ್ಯತ್ಯಾಸ ಬರಬಹುದು. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೆರಡು ಗೀರು, ಅಷ್ಟೆ.

ಇಲ್ಲಿಯೇ ಹೊಸದೊಂದು ಬಲೆ ಇದೆ. ಯಾವ ಅಂಕದ ನಾಣ್ಯ ಎಷ್ಟು ಬಂದಿವೆ ಅಂತ ಆ ಸಂಸ್ಥೆಗಳು ಪ್ರಕಟಿಸುತ್ತವೆ. ಸಂಗ್ರಾಹಕರು ಅದಕ್ಕೆ ಪಾಪ್ ರಿಪೋರ್ಟ್ ಅನ್ನುತ್ತಾರೆ. 'ಪ್ರಪಂಚದಲ್ಲಿ ಮೂರೇ ಇವೆ' ಅಂತ ಜಾಹೀರಾತು ಬರುವುದು ಅದರಿಂದ. ಆದರೆ ಐವತ್ತು ರೂಪಾಯಿಯ ನಾಣ್ಯಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡಿ ಅಂಕ ಹಾಕಿಸುವವರು ಯಾರು? ಮೂರೇ ಇವೆ ಅಂದರೆ ಮೂರನ್ನೇ ಕಳಿಸಿದ್ದಾರೆ ಅಂತ. ಯಾರದೋ ಗೋಡೌನ್‌ನಲ್ಲಿ ಟಂಕಸಾಲೆಯ ಸೀಲ್ ಹಾಕಿದ ಚೀಲ ತುಂಬ ಅದೇ ನಾಣ್ಯ ಕೂತಿರಬಹುದು. ಅದು ಹೊರಬಿದ್ದ ದಿನ ಪಟ್ಟಿಯ ಅಂಕಿಗೆ ಅರ್ಥ ಉಳಿಯುವುದಿಲ್ಲ. ಆಧುನಿಕ ನಾಣ್ಯಗಳಲ್ಲಿ ನನಗೆ ದೊಡ್ಡ ಭಯ ಅಂದರೆ ಇದೇ. ಕ್ಯಾಟಲಾಗ್ ತಪ್ಪು ಹೇಳಿದರೆ ತಿದ್ದಬಹುದು. ಚೀಲ ಎಲ್ಲಿದೆ ಅಂತ ಕ್ಯಾಟಲಾಗ್‌ಗೂ ಗೊತ್ತಿಲ್ಲ.

ಎಷ್ಟು ಅಚ್ಚು ಹಾಕಿದರು ಅನ್ನುವ ಸಂಖ್ಯೆಯನ್ನೂ ಹೀಗೇ ಅನುಮಾನದಿಂದ ನೋಡಿ. ಅಚ್ಚಾದದ್ದು ಎಷ್ಟು ಅನ್ನುವುದು ಒಂದು, ಉಳಿದದ್ದು ಎಷ್ಟು ಅನ್ನುವುದು ಇನ್ನೊಂದು. ಸಣ್ಣ ಪೈಸೆಗಳು ಬ್ಯಾಂಕಿಗೆ ವಾಪಸ್ ಹೋದವು. ನಾಣ್ಯ ಕದ್ದು ಸಾಗಿಸಿ, ಕರಗಿಸಿ ಬ್ಲೇಡ್ ಮಾಡುತ್ತಾರೆ ಅಂತ ಒಂದು ಕಾಲಕ್ಕೆ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಇನ್ನೊಂದು ಕಡೆ, 1964ರ ನೆಹರು ನಾಣ್ಯ ನೋಡಿ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ, ಅರವತ್ತು ವರ್ಷ ದಾಟಿದೆ. ಆದರೂ ಡೀಲರ್ ಟ್ರೇಗಳಲ್ಲಿ ಈಗಲೂ ಧಾರಾಳವಾಗಿ ಸಿಗುತ್ತದೆ. ಜನ ಅದನ್ನು ನೆನಪಿಗೆ ಅಂತ ಎತ್ತಿಟ್ಟುಕೊಂಡಿದ್ದರು.

ಬೆಳ್ಳಿ ಇದ್ದರೆ ಲೆಕ್ಕ ಬೇರೆ

ಒಂದು ಗುಂಪಿನ ನಾಣ್ಯಗಳಿಗೆ ಬೆಲೆಪಟ್ಟಿಗಿಂತ ಕ್ಯಾಲ್ಕುಲೇಟರ್ ವಾಸಿ. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯ 15 ಗ್ರಾಂ, ಅದರಲ್ಲಿ ಶೇ 80 ಬೆಳ್ಳಿ. ಅಂದರೆ 12 ಗ್ರಾಂ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯ 35 ಗ್ರಾಂ, ಅರ್ಧ ಬೆಳ್ಳಿ. ಅಂದರೆ 17.5 ಗ್ರಾಂ. ಬೆಳ್ಳಿ ಕೆಜಿಗೆ ಒಂದು ಲಕ್ಷ ಇದ್ದಾಗ ಗಾಂಧಿ ನಾಣ್ಯದ ಬೆಳ್ಳಿಯೇ 1,200 ರೂಪಾಯಿ, ಸಂಸತ್ ನಾಣ್ಯದ್ದು 1,750. ಬೆಳ್ಳಿ ಎರಡು ಲಕ್ಷವಾದರೆ ಇವೂ ಎರಡು ಪಟ್ಟು. ಐದು ವರ್ಷದ ಹಿಂದಿನ ಪಟ್ಟಿಗೆ ಇದು ಹೇಗೆ ಗೊತ್ತಿರಬೇಕು? 2025ರಲ್ಲಿ ಬೆಳ್ಳಿ ವಿಪರೀತ ಏರಿದಾಗ ಹಳೆಯ ಪಟ್ಟಿ ಹಿಡಿದು ಮಾರಿದವರು ಕೈ ಸುಟ್ಟುಕೊಂಡರು ಅಂತ ಬೇರೆ ಹೇಳಬೇಕಿಲ್ಲ.

ಹಾಗಂತ ಈ ಲೆಕ್ಕ ಬರೀ ಅಂದಾಜಿಗೆ. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಮತ್ತೆ, 75, 100, 150 ರೂಪಾಯಿಯ ಇಂಥ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಗಳೇ ಬುಕಿಂಗ್ ಮೇಲೆ ಪ್ಯಾಕ್ ಮಾಡಿ ಮಾರುತ್ತವೆ. ಟಂಕಸಾಲೆಯ ಮಾರಾಟ ಬೆಲೆಯಲ್ಲಿ ತಯಾರಿಕೆ ಖರ್ಚು, ಡಬ್ಬಿ, ತೆರಿಗೆ ಎಲ್ಲ ಸೇರಿರುತ್ತದೆ. ಬಿಡುಗಡೆಯಾದ ಹೊಸದರಲ್ಲಿ ಸಿಗದವರು ಮುಗಿಬಿದ್ದು ಜಾಸ್ತಿ ಕೊಡುತ್ತಾರೆ. ಬುಕಿಂಗ್ ಮಾಡಿದವರಿಗೆಲ್ಲ ನಾಣ್ಯ ಕೈಗೆ ಬಂದ ಮೇಲೆ ಬಿಸಿ ಇಳಿಯುತ್ತದೆ. ಆ ಮೊದಲ ತಿಂಗಳುಗಳ ಬೆಲೆ ಪಟ್ಟಿಗೆ ಹತ್ತಿಬಿಟ್ಟರೆ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಡಬ್ಬಿ ಕಳೆದುಹೋದ ಪ್ರೂಫ್ ಸೆಟ್‌ಗೆ, ಅಂದರೆ ಸಂಗ್ರಾಹಕರಿಗೆಂದೇ ವಿಶೇಷ ಹೊಳಪಿನಲ್ಲಿ ಅಚ್ಚು ಹಾಕಿದ ನಾಣ್ಯಗಳ ಸೆಟ್‌ಗೆ, ಪಟ್ಟಿ ಬೆಲೆ ಯಾರೂ ಕೊಡುವುದಿಲ್ಲ, ಅದನ್ನೂ ನೆನಪಿಡಿ.

ಕೋಟಿ ರೂಪಾಯಿಯ ಒಂದು ರೂಪಾಯಿ

ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಇರಬಾರದು, ಆದರೂ ಇದೆ. 2012ರ ವೈಷ್ಣೋದೇವಿ ಚಿತ್ರದ ನಾಣ್ಯ ಲಕ್ಷಕ್ಕೆ ಹೋಗುತ್ತದೆ ಅಂತ ಫಾರ್ವರ್ಡ್ ಬರುತ್ತಲೇ ಇರುತ್ತದೆ. ಹೋಗುವುದಿಲ್ಲ. ಯಾರೋ ಆನ್‌ಲೈನ್‌ನಲ್ಲಿ ಲಕ್ಷ ಕೇಳಿದ್ದಾರೆ, ಅಷ್ಟೇ ನಿಜ. ಕೇಳೋಕೆ ಏನು ಕಾಸು ಕೊಡಬೇಕಾ? 2021ರಲ್ಲಿ ಬೆಂಗಳೂರಿನ ಒಬ್ಬ ಶಿಕ್ಷಕಿಗೆ 1947ರ ಒಂದು ರೂಪಾಯಿಗೆ ಒಂದು ಕೋಟಿ ಕೊಡುವುದಾಗಿ ನಂಬಿಸಿ, ಶುಲ್ಕ, ತೆರಿಗೆ ಅಂತ ಹೇಳಿ ಒಂದು ಲಕ್ಷ ಲಪಟಾಯಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೂಡ ಎಚ್ಚರಿಕೆ ಕೊಟ್ಟಿತು: ಹಳೆ ನೋಟು, ನಾಣ್ಯದ ವ್ಯವಹಾರಕ್ಕೆ ಬ್ಯಾಂಕು ಯಾವ ಕಮಿಷನ್ನೂ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ. ನಾಣ್ಯ ಮಾರುವ ನೀವೇ ಮೊದಲು ದುಡ್ಡು ಕೊಡಬೇಕು ಅಂತ ಯಾರಾದರೂ ಅಂದ ತಕ್ಷಣ ಫೋನ್ ಇಡಬಹುದು.

ಹಾಗಾದ್ರೆ ಪಟ್ಟಿ ಇಟ್ಟುಕೊಂಡು ಮಾಡುವುದೇನು?

ಹೋಲಿಸಿ ನೋಡುವುದು. ಒಂದೇ ಸರಣಿಯ ಹತ್ತು ಇಸವಿಗಳಲ್ಲಿ ಎಂಟಕ್ಕೆ ಒಂದೇ ಬೆಲೆ, ಎರಡಕ್ಕೆ ಹತ್ತು ಪಟ್ಟು ಅಂತಿದ್ದರೆ, ಆ ಎರಡನ್ನು ನಿಮ್ಮ ಡಬ್ಬಿಯಲ್ಲಿ ಹುಡುಕಿ. ಹತ್ತು ಪಟ್ಟು ಅನ್ನುವುದು ಐದು ಪಟ್ಟಿರಬಹುದು, ಹದಿನೈದಿರಬಹುದು. ಆದರೆ ಅವೆರಡು ಕಷ್ಟದ ಇಸವಿಗಳು ಅನ್ನುವುದು ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. ಮೊತ್ತ ಬೇಕಿದ್ದರೆ ಈಚೆಗೆ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಮಾರಾಟಕ್ಕಿಟ್ಟ ಬೆಲೆ ಲೆಕ್ಕಕ್ಕಿಲ್ಲ. ಒಂದು ಮಾರಾಟ ಸಾಲದು, ಮೂರ್ನಾಲ್ಕು ಬೇಕು, ಅದೂ ನಿಮ್ಮ ನಾಣ್ಯದಷ್ಟೇ ಸವೆದಿರುವವು. ಆಮೇಲೆ ಇಬ್ಬರು ಡೀಲರ್‌ಗಳನ್ನು 'ಇದನ್ನು ಎಷ್ಟಕ್ಕೆ ತಗೊಳ್ತೀರಾ' ಅಂತ ಕೇಳಿ. 'ಇದರ ಬೆಲೆ ಎಷ್ಟು' ಅಂತ ಕೇಳಿದರೆ ಬರುವ ಉತ್ತರ ಬೇರೆ. ಎರರ್ ನಾಣ್ಯಗಳಿಗೆ, ಅಂದರೆ ಹತ್ತು ರೂಪಾಯಿಯ ಒಳಬಿಲ್ಲೆ ಸರಿದು ಕೂತಂಥವಕ್ಕೆ, ಪಟ್ಟಿಯನ್ನೇ ತೆರೆಯಬೇಡಿ. ಒಂದೊಂದೂ ಒಂದೊಂದು ಥರ. ಆಮೇಲೆ ಸುತ್ತಿಗೆಯಲ್ಲಿ ಹೊಡೆದು ಮಾಡಿದವೂ ಅವುಗಳ ನಡುವೆ ಬೇಕಾದಷ್ಟಿವೆ.

ಹಳೆಯ ಆವೃತ್ತಿಗಳನ್ನು ರದ್ದಿಗೆ ಹಾಕಬೇಡಿ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಎಂದಾದರೂ ಒಂದು ಕ್ಯಾಟಲಾಗ್ ಕಣ್ಣಿಗೆ ಬಿದ್ದರೆ, ಕಡಿಮೆ ಬೆಲೆಗೆ ಬಂದರೆ, ತಗೊಳ್ಳಿ. ಹತ್ತು ವರ್ಷ ಅಂತರದ ಎರಡು ಆವೃತ್ತಿಗಳನ್ನು ಪಕ್ಕ ಪಕ್ಕ ಇಟ್ಟು ಒಂದೇ ಪುಟ ತೆರೆಯಿರಿ. ಏರಿದ ಸಾಲು, ಇಳಿದ ಸಾಲು ಎರಡನ್ನೂ ಸಂಪಾದಕರು ಯಾವುದೋ ಕಾರಣಕ್ಕೆ ಮುಟ್ಟಿದ್ದಾರೆ. ಹತ್ತು ವರ್ಷವಾದರೂ ಒಂದು ಸೆಂಟ್ ಕೂಡ ಅಲ್ಲಾಡದ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ಬೆಲೆಗಳನ್ನು ಯಾರೂ ಮತ್ತೆ ನೋಡಿಲ್ಲ.